ಹೊದಿಸಿಟ್ಟ ವೈರು

ಆ ವಾಸನೆ ಮೊದಲ ಸಲ ಬಂದಾಗ ಬೆಣ್ಣೆ ಕೆಟ್ಟಿರಬೇಕು ಅಂದುಕೊಂಡಳು ಶೃತಿ. ಫ್ರಿಜ್ಜಿನಲ್ಲಿದ್ದುದನ್ನೆಲ್ಲ ತೆಗೆದು ಮೂಸಿದಳು. ಸಿಂಕಿನ ಜಾಲರಿ ಎತ್ತಿ ಬಿಸಿನೀರು ಸುರಿದಳು. ಮಾರನೆಯ ದಿನ ಮತ್ತೆ ಬಂತು. ಒಣಮೀನನ್ನು ಯಾರೋ ಬಾಣಲೆಗೆ ಹಾಕಿ ಮರೆತುಬಿಟ್ಟ ಹಾಗೆ. ಅದೂ ಓವನ್ ಕಾದು, ಎರಡನೇ ಸುತ್ತಿನ ಕೇಕು ಒಳಗೆ ಹೋಗುವ ಹೊತ್ತಿಗೇ ಬರುತ್ತಿತ್ತು.

ಬನಶಂಕರಿ ಎರಡನೇ ಹಂತದಲ್ಲಿ ಅವಳ ಮಾವ ಬೈರಣ್ಣನವರ ಮನೆ. ತಾರಸಿಯ ಮೇಲೆ ಶೀಟು ಹೊದಿಸಿದ ಉದ್ದನೆಯ ರೂಮೊಂದಿತ್ತು, ಅಲ್ಲೇ ಶೃತಿಯ ಬೇಕರಿ ಕೆಲಸ. ಹುಟ್ಟುಹಬ್ಬ, ಸೀಮಂತ, ಆಫೀಸಿನ ಪಾರ್ಟಿ ಅಂತ ದಿನಾ ಆರ್ಡರ್ ಇರುತ್ತಿತ್ತು. ಆದರೆ ಬೇಸಿಗೆ ಬಂತೆಂದರೆ ಆ ರೂಮು ರೂಮಲ್ಲ, ಅದೇ ಒಂದು ಓವನ್. ಕ್ರೀಮು ಕೇಕಿನ ಮೇಲೆ ನಿಲ್ಲದೆ ಜಾರಿ ತಟ್ಟೆಗೆ ಬೀಳುತ್ತಿತ್ತು. ಈ ಸಲ ಬಿಸಿಲು ಏರುವ ಮೊದಲೇ ಆಶ್ರಿತ್ ಅನ್ನುವ ಕಂಟ್ರಾಕ್ಟರನ್ನು ಕರೆಸಿ, ಶೀಟಿನ ಕೆಳಗೆ ಫಾಲ್ಸ್ ಸೀಲಿಂಗ್ ಹಾಕಿಸಿ, ಅದರ ಮೇಲೆ ಗ್ಲಾಸ್ ವುಲ್ ತುಂಬಿಸಿದ್ದಳು. ಗಾಜಿನ ಎಳೆಗಳಿಂದ ಮಾಡಿದ ಹಳದಿ ಹಾಸು, ಹಾಸಿಗೆಯಷ್ಟು ದಪ್ಪ. ಅದು ಬಂದ ದಿನದಿಂದ ರೂಮು ತಣ್ಣಗಾಯಿತು. ಮಧ್ಯಾಹ್ನದ ನಿದ್ದೆಗೆ ಬೈರಣ್ಣನವರೇ ಚಾಪೆ ಹಿಡಿದು ಮೇಲೆ ಬರತೊಡಗಿದರು.

ಆ ದಿನ ಹನ್ನೆರಡರ ಹೊತ್ತಿಗೆ ವಾಸನೆಯ ಜೊತೆ ಲೈಟೂ ಒಂದು ಸಲ ಮಂಕಾಗಿ ಮತ್ತೆ ಬೆಳಗಿತು. ಶೃತಿ ತಮ್ಮ ಚೈತನ್ಯನಿಗೆ ಫೋನ್ ಮಾಡಿದಳು. ಅವನು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಿಕಲ್ ಪಾಠ ಹೇಳುವವನು. ಮಧ್ಯಾಹ್ನದ ಕ್ಲಾಸಿಗೆ ಹೋಗುವ ದಾರಿಯಲ್ಲಿ ಬೈಕು ತಿರುಗಿಸಿಕೊಂಡು ಬಂದ. ಮೊದಲು ಓವನ್ ಆರಿಸಿದ, ಆಮೇಲೆ ಇಡೀ ರೂಮಿನ ಸ್ವಿಚ್ಚು ಕೆಳಗಿಳಿಸಿದ. ಸ್ಟೂಲು ಹತ್ತಿ ಸೀಲಿಂಗಿನ ಒಂದು ಚೌಕವನ್ನು ಎತ್ತಿ ಪಕ್ಕಕ್ಕೆ ಸರಿಸಿದ.

"ಅಯ್ಯಪ್ಪ," ಅಂದ.

ಹಳದಿ ವುಲ್ಲಿನ ನಡುವೆ ಒಂದು ಕಂದು ಗೆರೆ, ಇಸ್ತ್ರಿಪೆಟ್ಟಿಗೆ ಇಟ್ಟು ಮರೆತ ಬಟ್ಟೆಯ ಹಾಗೆ. ಅದನ್ನು ಬಿಡಿಸಿದರೆ ಒಳಗೆ ವೈರಿನ ಪೈಪು ಮೇಣದಬತ್ತಿಯಂತೆ ಬಾಗಿ ಸೊಟ್ಟಗಾಗಿತ್ತು. ಚೈತನ್ಯ ಅದನ್ನು ಸೀಳಿದಾಗ ಕೆಂಪು ವೈರು, ಕಪ್ಪು ವೈರು ಅನ್ನುವ ಭೇದವೇ ಇರಲಿಲ್ಲ. ಎರಡೂ ಒಂದಕ್ಕೊಂದು ಅಂಟಿಕೊಂಡು ಕಂದುಬಣ್ಣದ ಒಂದೇ ಹುರಿಯಾಗಿದ್ದವು.

"ಎರಡು ವರ್ಸದಿಂದ ಇದೇ ವೈರು, ಇದೇ ಒಲೆ," ಅಂದರು ಬಾಗಿಲಲ್ಲಿ ನಿಂತಿದ್ದ ಬೈರಣ್ಣ. "ಒಂದಿನಾನೂ ತೊಂದ್ರೆ ಕೊಟ್ಟಿರ್ಲಿಲ್ಲ. ಈಗೇನ್ ಬಂತಪ್ಪ ಇದಕ್ಕೆ?"

"ಓವನ್ ಮೊದ್ಲು ಎಷ್ಟು ಕರೆಂಟ್ ಎಳೀತಿತ್ತೋ ಈಗ್ಲೂ ಅಷ್ಟೇ ಎಳೀತಿದೆ ಮಾವ. ಕರೆಂಟ್ ಹರಿದ್ರೆ ವೈರ್ ಬಿಸಿ ಆಗೇ ಆಗುತ್ತೆ. ಮೊದ್ಲು ಆ ಬಿಸಿ ಪೈಪಿಂದ ಗಾಳಿಗೆ ಹೋಗ್ಬಿಡ್ತಿತ್ತು. ಈಗ ಮೇಲೆ ಕೆಳಗೆ ವುಲ್ ತುರುಕಿಬಿಟ್ಟಿದಾರೆ. ಬಿಸಿ ಆಚೆ ಹೋಗೋಕೆ ದಾರಿನೇ ಇಲ್ಲ. ಬಯಲಲ್ಲಿ ಇಪ್ಪತ್ತು ಆಂಪ್ಸ್ ತಡೆಯೋ ವೈರು, ಇದರೊಳಗೆ ಹೂತುಹೋದ್ರೆ ಹತ್ತು ತಡೆದ್ರೆ ಹೆಚ್ಚು."

"ಮತ್ತೆ ಎಂಸಿಬಿ ಯಾಕೋ ಬೀಳ್ಲಿಲ್ಲ?" ಶೃತಿ ಕೇಳಿದಳು. ಆ ಒಂದು ಸ್ವಿಚ್ಚನ್ನು ನೋಡಿಕೊಂಡೇ ಅವಳು ಇಷ್ಟು ದಿನ ಧೈರ್ಯವಾಗಿದ್ದದ್ದು. ಏನಾದರೂ ಹೆಚ್ಚುಕಮ್ಮಿಯಾದರೆ ಅದೇ ಬಿದ್ದು ಎಲ್ಲವನ್ನೂ ಆರಿಸುತ್ತದೆ ಅನ್ನುವ ನಂಬಿಕೆ.

"ಅದು ಎಷ್ಟು ಕರೆಂಟ್ ಹೋಗ್ತಿದೆ ಅಂತ ನೋಡುತ್ತೆ ಅಷ್ಟೇ ಅಕ್ಕ. ಮೇಲೆ ವೈರು ಬೇಯ್ತಾ ಇದೆ ಅಂತ ಅದಕ್ಕೆ ಗೊತ್ತಾಗಲ್ಲ. ದಪ್ಪ ವೈರ್ ಹಾಕ್ಬೇಕಿತ್ತು, ಇಲ್ಲಾ ವೈರನ್ನ ವುಲ್ಲಿನ ಕೆಳಗಡೆ, ಗಾಳಿ ಆಡೋ ಕಡೆ ತರಬೇಕಿತ್ತು. ಇವತ್ತಿಂದ ಇದನ್ನ ಹಚ್ಚಲೇಬೇಡ."

ಚೈತನ್ಯ ಗಡಿಯಾರ ನೋಡಿಕೊಂಡು ಹೊರಟ. ಸುಟ್ಟ ವೈರಿನ ಫೋಟೋ ತೆಗೆದು ಆಶ್ರಿತ್‌ಗೆ ಕಳಿಸೋಣ ಅಂತ ಶೃತಿ ಫೋನ್ ಎತ್ತಿಕೊಂಡಳು. ಆಗ, ಕೆಲಸ ಶುರುವಾಗುವ ಮುಂಚೆ ಅವನು ಸೋಫಾದಲ್ಲಿ ಕೂತು ಹೇಳಿದ್ದ ಮಾತು ತಲೆಗೆ ಬಂತು. ಜೆಪಿ ನಗರದಲ್ಲಿ ಒಂದು ಪ್ಲೇಹೋಮ್‌ಗೂ ಇದೇ ಮೆಟೀರಿಯಲ್ ಹಾಕಿದೀನಿ ಮೇಡಂ, ಶೀಟಿನ ರೂಮು, ಎರಡು ಏಸಿ. ಊಟ ಆದ್ಮೇಲೆ ಮಕ್ಕಳು ಹೇಗೆ ನಿದ್ದೆ ಹೊಡೀತಾರೆ ಗೊತ್ತಾ?

ಶೃತಿ ಫೋನಿನಲ್ಲಿ ಟೈಮು ನೋಡಿದಳು. ಊಟದ ಹೊತ್ತು ಮುಗಿಯುತ್ತಾ ಬಂದಿತ್ತು.

ಆಶ್ರಿತ್ ಮೊದಲ ಕರೆಗೆ ಎತ್ತಲಿಲ್ಲ. ಮತ್ತೊಂದಕ್ಕೂ ಇಲ್ಲ. ಆಮೇಲೆ ಎತ್ತಿದವನು ಅವಳ ಮಾತು ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ನಕ್ಕ.

"ಮೇಡಂ, ಗ್ಲಾಸ್ ವುಲ್‌ಗೆ ಬೆಂಕಿನೇ ಹತ್ತಲ್ಲ. ಬೇಕಾದ್ರೆ ಲೈಟರ್ ಇಟ್ಟು ನೋಡಿ."

"ವುಲ್ ಉರಿಯುತ್ತೆ ಅಂತ ನಾನು ಹೇಳ್ತಿಲ್ಲ. ಅದರೊಳಗಿರೋ ವೈರು..."

"ವೈರಿಂಗ್ ನನ್ನ ಕೆಲಸ ಅಲ್ಲ ಮೇಡಂ. ಹಳೇ ವೈರ್ ಇರುತ್ತೆ, ಸುಡುತ್ತೆ. ಅದಕ್ಕೆ ನಾನೇನ್ ಮಾಡ್ಲಿ?"

"ಆ ಪ್ಲೇಹೋಮ್ ಎಲ್ಲಿದೆ ಹೇಳಿ."

"ಸುಮ್ನೆ ಅವರನ್ನ ಯಾಕೆ ಹೆದರಿಸ್ತೀರ? ಶಿವಬಸಮ್ಮ ಮೇಡಂ ಒಂದು ಕಂಪ್ಲೇಂಟೂ ಮಾಡಿಲ್ಲ. ನನ್ನ ಹೆಸರು ಕೆಡಿಸ್ಬೇಡಿ ಪ್ಲೀಸ್." ಫೋನ್ ಇಟ್ಟುಬಿಟ್ಟ.

ಹೆಸರು ಸಿಕ್ಕಿತ್ತಲ್ಲ, ಸಾಕು. ಫೋನಿನಲ್ಲಿ ಹುಡುಕಿದಾಗ ವಿಳಾಸ ಬಂತು, ನಂಬರೂ ಬಂತು. ನಂಬರು ರಿಂಗಾಗಿ ರಿಂಗಾಗಿ ನಿಂತಿತು. ಮಕ್ಕಳು ಮಲಗುವ ಹೊತ್ತಿಗೆ ಯಾರು ತಾನೇ ಫೋನಿನ ಸದ್ದು ಇಟ್ಟುಕೊಳ್ಳುತ್ತಾರೆ? ಫೈರ್ ಸ್ಟೇಷನ್‌ಗೆ ಹೇಳೋಣವೆಂದರೆ ಏನಂತ ಹೇಳುವುದು? ಎಲ್ಲೂ ಬೆಂಕಿ ಬಿದ್ದಿಲ್ಲ, ಹೊಗೆ ಕಂಡಿಲ್ಲ, ಯಾರದೋ ಮನೆಯ ಸೀಲಿಂಗಿನ ಮೇಲೆ ಏನೋ ಇರಬಹುದು ಅಂತಲೇ?

"ಮಾವ, ಬಂದೆ," ಅಂತ ಕೂಗಿ ಹೇಳಿ ಶೃತಿ ಸ್ಕೂಟರ್ ಹತ್ತಿದಳು. ಏಪ್ರನ್ ಬಿಚ್ಚುವುದೂ ನೆನಪಾಗಲಿಲ್ಲ.

ಕನಕಪುರ ರಸ್ತೆಯಲ್ಲಿ ಬಸ್ಸಿನ ಹಿಂದೆ ಬಸ್ಸು. ಸಾರಕ್ಕಿ ಸಿಗ್ನಲ್ಲಿನಲ್ಲಿ ಎಳನೀರಿನ ಟೆಂಪೋ ಒಂದು ಅಡ್ಡ ನಿಂತು, ಹಸಿರು ಬಂದು ಹೋದರೂ ಯಾರೂ ಮುಂದೆ ಸರಿಯಲಿಲ್ಲ. ಹೆಲ್ಮೆಟ್ಟಿನೊಳಗೆ ಬೆವರು ಕಣ್ಣಿಗಿಳಿಯುತ್ತಿತ್ತು. ನಾನ್ಯಾಕೆ ಹೋಗ್ತಿದೀನಿ, ಅನ್ನಿಸಿತು ಅವಳಿಗೆ. ಅಲ್ಲಿ ದಪ್ಪ ವೈರೇ ಹಾಕಿರಬಹುದು. ವೈರು ಬೇರೆ ಕಡೆಯಿಂದ ಹೋಗಿರಬಹುದು. ಮೈದಾ ಮೆತ್ತಿಕೊಂಡ ಏಪ್ರನ್ನಿನಲ್ಲಿ ಹೋಗಿ ಗೇಟು ಬಡಿದರೆ ಹುಚ್ಚಿ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ಟೆಂಪೋ ಪಕ್ಕದ ಸಂದಿಯಲ್ಲಿ ಸ್ಕೂಟರ್ ತೂರಿಸಿ ಫುಟ್‌ಪಾತ್ ಹತ್ತಿಸಿದಳು. ಯಾರೋ ಬೈದರು.

ಪ್ಲೇಹೋಮು ಒಂದು ಹಳೆಯ ಒಂದೇ ಅಂತಸ್ತಿನ ಮನೆ. ಮುಂದೆ ಹೊಂಗೆಮರ, ಹಿಂದುಗಡೆ ಕಾರ್ ಶೆಡ್ಡಿಗೆ ಗೋಡೆ ಕಟ್ಟಿ ಮಾಡಿದ ರೂಮು. ಶೀಟಿನ ಅಂಚು ಗೇಟಿನಿಂದಲೇ ಕಾಣುತ್ತಿತ್ತು. ಬೆಲ್ ಒತ್ತಿದ ಮೇಲೆ ಹೊರಬಂದವರು ಅರವತ್ತು ದಾಟಿದ ಹೆಂಗಸು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಕನ್ನಡಕ, ಮೆಟ್ಟಿಲಿಳಿಯುವ ರೀತಿಯಲ್ಲೇ ಹಿಂದೆ ಹೆಡ್‌ಮಿಸ್ ಆಗಿದ್ದವರು ಅಂತ ಗೊತ್ತಾಗುತ್ತಿತ್ತು. ಅವರೇ ಶಿವಬಸಮ್ಮ. ಕೊಟ್ಟೂರಿನ ಕಡೆಯವರು. ಬೆಂಗಳೂರಿಗೆ ಬಂದು ಎಷ್ಟು ಕಾಲವಾದರೂ ಮಾತು ಊರಿನದೇ.

"ಮೆಲ್ಲಗ ಮಾತಾಡ್ರಿ, ಮಕ್ಕಳು ಮಲಗ್ಯಾವ. ಯಾರು ಬೇಕಾಗಿತ್ರಿ?"

ಶೃತಿ ಹೇಳಿದಳು. ಏದುಸಿರಿಗೆ ಮಾತು ಹಿಂದುಮುಂದಾಯಿತು. ವುಲ್, ಓವನ್, ಪೈಪು, ತಮ್ಮ, ಆಶ್ರಿತ್. ಶಿವಬಸಮ್ಮ ಗೇಟಿನ ಚಿಲಕದ ಮೇಲಿಟ್ಟ ಕೈ ತೆಗೆಯಲಿಲ್ಲ.

"ನಿಮ್ಮ ಮನ್ಯಾಗ ವೈರ್ ಸುಟ್ಟೈತಿ. ಸರಿ. ಇಲ್ಲಿಗ್ಯಾಕ ಬಂದ್ರಿ?"

"ಅದೇ ಕೆಲಸ ಇಲ್ಲೂ ಮಾಡಿದಾರೆ ಮೇಡಂ. ಒಂದು ಸಲ ಏಸಿ ಆಫ್ ಮಾಡಿ, ಮಕ್ಕಳನ್ನ ಆಚೆ ಕರ್ಕೊಂಡು ಬನ್ನಿ. ನೋಡಿಸಿದ್ಮೇಲೆ ಏನೂ ಇಲ್ಲ ಅಂದ್ರೆ ನನ್ನ ಬೈಯಿರಿ."

"ಈ ಬಿಸಿಲಾಗ, ನಿದ್ದಿಗಣ್ಣಾಗಿರೋ ಕೂಸುಗಳನ್ನ?" ಶಿವಬಸಮ್ಮ ಅಲ್ಲೇ ಆಶ್ರಿತ್‌ಗೆ ಫೋನ್ ಹಚ್ಚಿದರು. ಅವನು ತಕ್ಷಣ ಎತ್ತಿದ. ಅವನು ಏನು ಹೇಳಿದನೋ ಶೃತಿಗೆ ಕೇಳಿಸಲಿಲ್ಲ. ಶಿವಬಸಮ್ಮನವರ ಮುಖ ಬಿಗಿಯಾದದ್ದು ಮಾತ್ರ ಕಂಡಿತು.

"ನೀವು ಸುಮ್ಮ ಸುಮ್ಮನ ಗಾಬರಿ ಆಗೋ ಪೈಕಿ ಅಂತ. ನೋಡವಾ, ನಂಬಿ ಬಿಟ್ಟು ಹೋಗ್ಯಾರ ತಾಯಂದ್ರು. ಗುರ್ತಿಲ್ಲದವ್ರನ್ನ ನಾ ಒಳಗ ಬಿಡಾಂಗಿಲ್ಲ. ಹೋಗಿಬಾ."

ಅವರು ತಿರುಗಿದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ, ಶೃತಿಗೆ ಅದೇ ಹೆಚ್ಚು ಕಷ್ಟವಾಯಿತು. ತನ್ನ ಮಗು ಒಳಗಿದ್ದಿದ್ದರೆ ತಾನೂ ಇಂಥವರೇ ಬಾಗಿಲಲ್ಲಿರಲಿ ಅಂತ ಬಯಸುತ್ತಿದ್ದಳು. ಗೇಟಿನ ಸರಳುಗಳ ನಡುವೆ ಫೋನ್ ತೂರಿಸಿ ಸುಟ್ಟ ವೈರಿನ ಫೋಟೋ ಹಿಡಿದಳು.

"ನಾನು ಒಳಗೆ ಬರಲ್ಲ ಮೇಡಂ. ಇದೊಂದು ನೋಡಿ. ಆಮೇಲೆ ನೀವೇ ಹೋಗಿ, ಮಕ್ಕಳ ರೂಮಲ್ಲಿ ಏಸಿಗೆ ವೈರ್ ಮೇಲಿಂದ ಇಳಿಯೋ ಕಡೆ, ಸೀಲಿಂಗಿನ ಪಕ್ಕದಲ್ಲಿ ಗೋಡೆ ಮೇಲೆ ಕೈ ಇಟ್ಟು ನೋಡಿ. ತಣ್ಣಗಿದ್ರೆ ಸುಮ್ನೆ ಹೊರಟುಹೋಗ್ತೀನಿ."

ಶಿವಬಸಮ್ಮ ಕನ್ನಡಕ ಹಾಕಿಕೊಂಡು ಫೋಟೋವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಒಳಗೆ ಹೋದರು.

ಶೃತಿ ಗೇಟು ಹಿಡಿದು ನಿಂತಳು. ಹಿಂದಿನ ರೂಮಿನ ಗೋಡೆಯಾಚೆ ಏಸಿಯ ಯಂತ್ರಗಳೆರಡೂ ಗುಂಯ್ ಅನ್ನುತ್ತಿದ್ದವು. ಎದುರುಮನೆಯವರು ಒಣಗಿದ ಬಟ್ಟೆ ತೆಗೆಯುತ್ತ ಅವಳನ್ನೇ ನೋಡುತ್ತಿದ್ದರು. ಎಲ್ಲ ಎಷ್ಟು ಸರಿಯಾಗಿತ್ತೆಂದರೆ, ತನ್ನ ಭಯಕ್ಕೆ ಅವಳಿಗೇ ನಾಚಿಕೆಯಾಗತೊಡಗಿತು.

ಶಿವಬಸಮ್ಮ ವಾಪಸ್ ಬಂದರು. "ಗ್ವಾಡಿ ಬೆಚ್ಚಗೈತಿ. ಬ್ಯಾಸಗ್ಯಾಗ ಗ್ವಾಡಿ ಬೆಚ್ಚಗಿರದ ಮತ್ತೇನಿರತೈತಿ?"

"ಯಾವ ಗೋಡೆ ಮೇಡಂ? ಬಿಸಿಲು ಬೀಳೋದಾ?"

"ಅಲ್ಲ. ಅಡಿಗಿಮನಿ ಕಡೀದು, ನಡುವಿನ..." ಅನ್ನುತ್ತಿದ್ದವರು ತಟ್ಟನೆ ನಿಂತರು. ಬಿಸಿಲೇ ಕಾಣದ ಗೋಡೆ ಅದು. ಅದರ ಕೆಳಗೆ ಏಸಿಯ ತಣ್ಣನೆ ಗಾಳಿ ಬೇರೆ. ಅವರ ಕಣ್ಣು ಒಂದು ಕ್ಷಣ ಶೃತಿಯ ಮುಖದ ಮೇಲೆ ನಿಂತಿತು. ಚಿಲಕ ಸರಿಯಿತು.

"ಬಾರವಾ," ಅಂದರು. "ಕಲ್ಯಾಣೀ! ಮಕ್ಕಳನ್ನ ಎಬ್ಸು!"

ಶಿವಬಸಮ್ಮ ನೇರ ವರಾಂಡಕ್ಕೆ ಹೋಗಿ ಮೇನ್ ಸ್ವಿಚ್ಚು ಕೆಳಗೆಳೆದರು. ಏಸಿಗಳು ನಿಂತವು. ಅವುಗಳ ಗಾಳಿ ನಿಂತದ್ದೇ ತಡ, ಅಷ್ಟು ಹೊತ್ತು ಎಲ್ಲಿ ಅಡಗಿತ್ತೋ ಆ ವಾಸನೆ ನಿಧಾನಕ್ಕೆ ಕೆಳಗಿಳಿಯಿತು. ಒಣಮೀನು, ಸುಟ್ಟ ಪ್ಲಾಸ್ಟಿಕ್ಕು. ಅದರ ಹಿಂದೆಯೇ ಇನ್ನೊಂದು, ಕಟ್ಟಿಗೆಯ ವಾಸನೆ. ಶೃತಿಯ ರೂಮಿನಲ್ಲಿ ಈ ಮೂರನೆಯದು ಇರಲಿಲ್ಲ.

"ಮೇಲೆ ಮರ ಇದೆಯಾ?"

"ಹಳೇ ಸೀಲಿಂಗಿನ ರೀಪರ್ ಪಟ್ಟಿ ಅದಾವ. ಅವನ್ನ ತೆಗೀದ ಹಂಗ ಬಿಟ್ಟಾನ ಅವ," ಅಂದರು ಶಿವಬಸಮ್ಮ.

ಮಕ್ಕಳ ರೂಮಿಗೆ ದಪ್ಪ ಪರದೆ ಹಾಕಿದ್ದರು. ಅರೆಗತ್ತಲಲ್ಲಿ ಸಾಲುಸಾಲು ಪುಟ್ಟ ಹಾಸಿಗೆಗಳು. ಆಯಾ ಕಲ್ಯಾಣಿ ಆಗಲೇ ಒಂದು ಮಗುವನ್ನು ಹೆಗಲಿಗೆ ಹಾಕಿಕೊಂಡು ಇನ್ನೊಂದರ ಕೈ ಹಿಡಿದಿದ್ದಳು. ಶೃತಿ ಪರದೆ ಎಳೆದು ಬೆಳಕು ಬಿಟ್ಟಳು. ಲೈಟು ಕೂರಿಸಿದ್ದ ದುಂಡನೆಯ ತೂತಿನಿಂದ ತೆಳ್ಳನೆಯ ಹೊಗೆ ಇಳಿಯುತ್ತಿತ್ತು, ಊದುಬತ್ತಿಯದಷ್ಟೇ. ಅಷ್ಟು ಸಾಕಾಯಿತು. ಮುಂದಿನದೆಲ್ಲ ಓಟ. ಎರಡೆರಡು ಮಕ್ಕಳನ್ನು ಎತ್ತಿಕೊಂಡು ಹೊಂಗೆಮರದ ಕೆಳಗೆ ತಂದು ಇಳಿಸುವುದು, ಮತ್ತೆ ಒಳಕ್ಕೆ. ಕೆಲವು ಅಳುತ್ತಿದ್ದವು. ಒಂದು ಮಗು ಕಣ್ಣೇ ಬಿಡದೆ ಅವಳ ಏಪ್ರನ್ ಹಿಡಿದು, "ಕೇಕ್ ವಾಸ್ನೆ," ಅಂದಿತು.

ಶಿವಬಸಮ್ಮ ಮರದ ಕೆಳಗೆ ಒಂದೊಂದೇ ತಲೆ ಮುಟ್ಟಿ ಎಣಿಸುತ್ತಿದ್ದರು. ಎಣಿಸಿ ಮುಗಿಸಿದರು. ಮತ್ತೆ ಮೊದಲಿಂದ ಎಣಿಸಿದರು.

"ಒಂದು ಕಮ್ಮಿ ಐತಿ. ಲಿಖಿತ್ ಎಲ್ಲಿ? ಕಲ್ಯಾಣೀ, ಲಿಖಿತ್ ಎಲ್ಲವಾ?"

"ನಂಜೊತೆ ಬಂದ ಅಂದ್ಕೊಂಡೆ ಅಮ್ಮ..." ಕಲ್ಯಾಣಿ ಮಕ್ಕಳ ಗುಂಪಿನಲ್ಲಿ ಹುಡುಕತೊಡಗಿದಳು.

ಶೃತಿ ತಿರುಗಿ ಓಡಿದಳು. ರೂಮಿನಲ್ಲಿ ಈಗ ಹೊಗೆ ಸೀಲಿಂಗಿನಿಂದ ಆಳೆತ್ತರಕ್ಕೆ ಇಳಿದಿತ್ತು. ಏಪ್ರನ್ನಿನ ತುದಿಯನ್ನು ಮೂಗಿಗೆ ಒತ್ತಿಕೊಂಡು ಬಗ್ಗಿದಳು. ಹಾಸಿಗೆಗಳೆಲ್ಲ ಖಾಲಿ. ಬಚ್ಚಲಿನ ಬಾಗಿಲು ತಳ್ಳಿದಳು, ಅಲ್ಲೂ ಇಲ್ಲ. "ಲಿಖಿತ್! ಲಿಖಿತ್!" ಅಂದಳು. ತಲೆಯ ಮೇಲೆ ಎಲ್ಲೋ ಚಟ್ ಅಂತ ಸದ್ದಾಯಿತು. ಹೊರಗಿನಿಂದ ಶಿವಬಸಮ್ಮ ಕೂಗುತ್ತಿದ್ದರು, ಏನೆಂದು ತಿಳಿಯಲಿಲ್ಲ.

ಇಲ್ಲೇ ಎಲ್ಲಾದರೂ ಇರಬೇಕು. ಪುಟ್ಟ ಮಗು ಹೆದರಿದರೆ ಓಡಿಹೋಗುವುದಿಲ್ಲ, ಅಡಗಿಕೊಳ್ಳುತ್ತದೆ. ಶೃತಿ ನೆಲದ ಮೇಲೆ ಕೈಯೂರಿ ತೆವಳಿದಳು. ಮೂಲೆಯಲ್ಲಿ ಹೆಚ್ಚುವರಿ ಹಾಸಿಗೆಗಳನ್ನು ಪೇರಿಸಿಟ್ಟಿದ್ದರು. ಆ ಪೇರಿಕೆಗೂ ಗೋಡೆಗೂ ನಡುವಿನ ಸಂದಿಯಲ್ಲಿ ನೀಲಿ ಸಾಕ್ಸ್ ಹಾಕಿದ ಒಂದು ಕಾಲು ಕಂಡಿತು. ಹಿಡಿದೆಳೆದಳು. ಹುಡುಗ ಕಿರುಚಿ ಅವಳ ಕೈಗೆ ಕಚ್ಚಿದ. ಕಚ್ಚಿದರೆ ಜೀವವಿದೆ ಅಂತಲೇ ಅರ್ಥ. ಅವನನ್ನು ಎದೆಗವುಚಿಕೊಂಡು ಬಾಗಿಲು ದಾಟಿದಳೋ ಇಲ್ಲವೋ, ಹಿಂದೆ ಸೀಲಿಂಗಿನ ಚೌಕವೊಂದು ಕಳಚಿ ಹಾಸಿಗೆಯ ಮೇಲೆ ಬಿತ್ತು. ಅದರ ಜೊತೆ ಕೆಂಡವಾಗಿದ್ದ ರೀಪರಿನ ತುಂಡೂ. ಹಾಸಿಗೆಯ ಬಟ್ಟೆ ಭಗ್ ಅಂತ ಹತ್ತಿಕೊಂಡಿತು.

ಶಿವಬಸಮ್ಮ ಅವಳನ್ನು ಪಕ್ಕಕ್ಕೆ ಸರಿಸಿದರು. ಅವರ ಕೈಯಲ್ಲಿ ಅಡಿಗೆಮನೆಯಲ್ಲಿ ತೂಗುಹಾಕಿದ್ದ, ಬೆಂಕಿ ಆರಿಸುವ ಕೆಂಪು ಸಿಲಿಂಡರಿತ್ತು. ಪಿನ್ನು ಕಿತ್ತು, ಹೊಸ್ತಿಲಲ್ಲೇ ನಿಂತು, ಬೆಂಕಿಯ ಬುಡಕ್ಕೆ ಬಿಳಿ ಪುಡಿ ಹೊಡೆದರು. ಆಮೇಲೆ ಮೇಲಕ್ಕೆ, ಬಾಯಿ ತೆರೆದುಕೊಂಡಿದ್ದ ಸೀಲಿಂಗಿಗೆ. ಸಿಲಿಂಡರು ಖಾಲಿಯಾಗುವವರೆಗೆ ಬಿಡಲಿಲ್ಲ. ಖಾಲಿಯಾದ ಮೇಲೂ ಅದನ್ನು ಹಾಗೇ ಹಿಡಿದುಕೊಂಡು ಕೆಮ್ಮುತ್ತ ನಿಂತಿದ್ದರು. ಕಲ್ಯಾಣಿ ಬಂದು ಕೈಯಿಂದ ಬಿಡಿಸಿಕೊಂಡಳು.

ಎದುರುಮನೆಯವರು ಕರೆಸಿದ್ದ ಫೈರ್ ಎಂಜಿನ್ ಬಂದಾಗ ಆರಿಸಲು ಹೆಚ್ಚೇನೂ ಉಳಿದಿರಲಿಲ್ಲ. ಸಿಬ್ಬಂದಿ ಏಣಿ ಹಾಕಿ ಉಳಿದ ಚೌಕಗಳನ್ನೆಲ್ಲ ಕಿತ್ತರು. ಎರಡು ಏಸಿಗಳನ್ನೂ ಒಂದೇ ವೈರು ಹೊತ್ತುಕೊಂಡು, ವುಲ್ಲಿನ ನಡುವೆ ಹಾದುಹೋಗಿತ್ತು. ಹಾದಿಯುದ್ದಕ್ಕೂ ಪೈಪು ಕರಗಿ ರೀಪರಿಗೆ ಮೆತ್ತಿಕೊಂಡಿತ್ತು. ವುಲ್ಲಿಗೆ ಮಾತ್ರ ಬೆಂಕಿ ತಗಲಿರಲಿಲ್ಲ, ಆಶ್ರಿತ್ ಹೇಳಿದ್ದು ಅಷ್ಟರಮಟ್ಟಿಗೆ ಸುಳ್ಳಲ್ಲ. ವಿಷಯ ತಿಳಿದ ಚೈತನ್ಯ ಫೋನಿನಲ್ಲಿ, "ಮಕ್ಕಳು? ಅಕ್ಕ, ಮಕ್ಕಳು?" ಅಂತ ಅದನ್ನೊಂದೇ ಕೇಳುತ್ತಿದ್ದ. ಎಲ್ಲರೂ ಇದಾರೆ ಕಣೋ, ಅಂದಳು ಶೃತಿ. ಅಂದ ಮೇಲೆ ಮಕ್ಕಳ ಪುಟ್ಟ ಕುರ್ಚಿಯೊಂದರ ಮೇಲೆ ಕೂತಳು. ಲಿಖಿತ್ ಇನ್ನೂ ಅವಳ ಕುತ್ತಿಗೆ ಬಿಟ್ಟಿರಲಿಲ್ಲ. ತಾಯಿ ಓಡಿಬಂದು ಎತ್ತಿಕೊಳ್ಳುವವರೆಗೂ ಬಿಡಲಿಲ್ಲ.

ಆಶ್ರಿತ್ ಬಂದದ್ದು ಆಮೇಲೆ. ಗೇಟಿನ ಹೊರಗೆ ಕಾರು ನಿಲ್ಲಿಸಿ, ತಂದೆತಾಯಿಗಳ ಗುಂಪು ದಾಟಿಕೊಂಡು ಒಳಬಂದ. ಮೂವತ್ತರ ಆಸುಪಾಸಿನವನು, ಒಳ್ಳೆಯ ಅಂಗಿ, ಕೆಲಸ ಚೆನ್ನಾಗಿ ನಡೆಯುತ್ತಿದೆ ಅನ್ನುವ ಮುಖ. ರೂಮಿನ ಬಾಗಿಲಲ್ಲಿ ನಿಂತು ಮೇಲೆ ನೋಡಿದ. ಯಾರಾದರೂ ಹೊಡೆಯಲಿ ಅಂತ ಕಾಯುತ್ತಿರುವವನ ಹಾಗಿದ್ದ.

ಶೃತಿ ಬೈಯಬೇಕೆಂದೇ ಎದ್ದಳು. ಎದ್ದವಳ ಬಾಯಲ್ಲಿ ಬೇರೆಯೇ ಮಾತು ಬಂತು.

"ಇನ್ನೂ ಎಲ್ಲೆಲ್ಲಿ ಹಾಕಿದೀರ?"

ಅವನು ತುಟಿ ಒದ್ದೆ ಮಾಡಿಕೊಂಡ. "ಈ ಬೇಸಿಗೇಲಿ ತುಂಬ ಮಾಡಿದೀನಿ ಮೇಡಂ. ತಿಲಕ್ ನಗರದಲ್ಲಿ ಒಂದು ಟೈಲರಿಂಗ್ ಯೂನಿಟ್. ತಲಘಟ್ಟಪುರದಲ್ಲಿ ಒಂದು ಪಿಜಿ, ಮೇಲಿನ ಫ್ಲೋರ್ ಪೂರ್ತಿ. ಬಿಟಿಎಂನಲ್ಲಿ..."

"ಫೋನ್ ಮಾಡಿ. ಈಗಲೇ. ನನ್ನೆದುರಿಗೇ."

ಟೈಲರಿಂಗ್ ಯೂನಿಟ್ಟಿನವರಿಗೆ ಮೊದಲು ಹಚ್ಚಿದ. ಸ್ಪೀಕರಿನಲ್ಲಿ ಹೊಲಿಗೆ ಯಂತ್ರಗಳ ಗದ್ದಲ, ಅದರ ಮೇಲೆ ಒಬ್ಬ ಗಂಡಸಿನ ದನಿ. ಆಶ್ರಿತ್ ತಡವರಿಸುತ್ತ ವಿಷಯ ಹೇಳಿದ. "ಏನ್ ಗುರು, ತಮಾಷೆನಾ?" ಅಂತು ಆ ದನಿ. "ಮದುವೆ ಸೀಸನ್ನು, ಇಸ್ತ್ರಿ ಎಲ್ಲಾ ಓಡ್ತಾ ಇದೆ. ಒಂದಿನಾನೂ ಟ್ರಿಪ್ ಆಗಿಲ್ಲ. ನಾಳೆ ನೋಡೋಣ ಬಿಡಿ."

"ಸಾರ್, ಟ್ರಿಪ್ ಆಗಲ್ಲ, ಅದೇ ಪ್ರಾಬ್ಲಮ್ಮು..." ಅಂದ ಆಶ್ರಿತ್.

ಮರದ ಕೆಳಗೆ ಕೊನೆಯ ಮಗುವಿನ ಚಪ್ಪಲಿ ಹುಡುಕಿಕೊಡುತ್ತಿದ್ದ ಶಿವಬಸಮ್ಮ ತಲೆಯೆತ್ತಿದರು. ಸೀರೆಯ ತುಂಬ ಬಿಳಿ ಪುಡಿ, ಕಣ್ಣು ಕೆಂಪಾಗಿದ್ದವು. ಮಗುವನ್ನು ಅದರ ಅಪ್ಪನ ಕೈಗೊಪ್ಪಿಸಿ, ನೇರ ನಡೆದುಬಂದು ಆಶ್ರಿತ್‌ನ ಕೈಯಿಂದ ಫೋನ್ ಕಿತ್ತುಕೊಂಡರು.

"ನೋಡಪ್ಪಾ," ಅಂದರು, "ನಾನೂ ನಿನ್ನಂಗ ಗೇಟ್ ಹಾಕ್ಕೊಂಡು ನಿಂತಿದ್ದೆ. ಮೊದಲು ಮೇನ್ ಇಳಿಸು. ಹೆಣ್ಮಕ್ಕಳನ್ನ ಹೊರಗ ಕಳಿಸು. ಆಮ್ಯಾಲ ನನ್ನ ಕೇಳು, ಹೇಳ್ತೀನಿ."

ಆ ಕಡೆ ಒಂದು ಕ್ಷಣ ಯಂತ್ರಗಳ ಸದ್ದೊಂದೇ. ಆಮೇಲೆ ಅದು ನಿಂತಿತು.